ಬಾನ್‌ನಲ್ಲಿ ಕಪ್ಪು ಕಾಯಿಯ ಗೆಲುವು

ಚದುರಂಗದಲ್ಲಿ ಕಪ್ಪು ಕಾಯಿ ಹಿಡಿದವನು ಆಟ ಶುರುವಾಗುವ ಮೊದಲೇ ಒಂದು ನಡೆಯಷ್ಟು ಸಾಲಗಾರ. ಬಿಳಿ ಮೊದಲು ನಡೆಯಬೇಕೆಂಬುದು ನಿಯಮ. ನಮ್ಮ ನಿಮ್ಮ ಮನೆಯ ಜಗಲಿಯ ಆಟದಲ್ಲಿ ಇದರಿಂದ ಏನೂ ವ್ಯತ್ಯಾಸವಾಗದು. ಅಲ್ಲಿ ಗೆಲುವು ಸೋಲು ನಿರ್ಧಾರವಾಗುವುದು ಯಾರು ಮೊದಲು ಕುದುರೆಯನ್ನು ಮರೆತು ಬಿಡುತ್ತಾರೆ ಎಂಬುದರ ಮೇಲೆ. ಆದರೆ ಗ್ರ್ಯಾಂಡ್‌ಮಾಸ್ಟರ್‌ಗಳ ಮಟ್ಟದಲ್ಲಿ ಈ ಒಂದು ನಡೆ ಸಣ್ಣ ಆಸ್ತಿಯೇನಲ್ಲ. ದಾಖಲಾದ ಲಕ್ಷಾಂತರ ಆಟಗಳ ಲೆಕ್ಕ ತೆಗೆದರೆ ಪ್ರತಿ ನೂರು ಅಂಕಗಳಲ್ಲಿ ಸುಮಾರು 55 ಬಿಳಿಯ ಪಾಲಿಗೆ ಬಂದಿರುತ್ತವೆ. ವಿಶ್ವ ಚಾಂಪಿಯನ್ ಪಟ್ಟದ ಪಂದ್ಯಗಳಲ್ಲಂತೂ ಕಪ್ಪು ಕಾಯಿ ಸಿಕ್ಕ ದಿನ ಡ್ರಾ ಮಾಡಿಕೊಂಡು ಎದ್ದರೆ ಸಾಕು, ಬಿಳಿ ಕಾಯಿ ಸಿಕ್ಕ ದಿನ ಗೆಲುವಿಗೆ ಪ್ರಯತ್ನಿಸೋಣ ಎನ್ನುವುದು ಬಹುತೇಕ ಆಟಗಾರರ ರೂಢಿಯ ಲೆಕ್ಕಾಚಾರ.

2008ರ ಅಕ್ಟೋಬರ್‌ನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ವಿಶ್ವನಾಥನ್ ಆನಂದ್ ಈ ಲೆಕ್ಕವನ್ನೇ ತಲೆಕೆಳಗು ಮಾಡಿದರು. ರಷ್ಯದ ವ್ಲಾದಿಮಿರ್ ಕ್ರಾಮ್ನಿಕ್ ವಿರುದ್ಧದ ಆ ಪಂದ್ಯದಲ್ಲಿ ಅವರು ಗೆದ್ದದ್ದು ಮೂರು ಆಟ. ಅದರಲ್ಲಿ ಎರಡು ಕಪ್ಪು ಕಾಯಿಯಲ್ಲಿ, ಅದೂ ಒಂದೇ ಆರಂಭ ಕ್ರಮದಲ್ಲಿ. ಮೊದಲನೆಯದು ಅಕ್ಟೋಬರ್ 17ರಂದು ನಡೆದ ಮೂರನೆಯ ಆಟ. 41 ನಡೆಗಳ ಈ ಆಟವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಪಟದ ಮೇಲಿನ ಕಾಯಿಗಳಷ್ಟೇ ಪಟದ ಹೊರಗಿನ ಕಥೆಯನ್ನೂ ತಿಳಿಯಬೇಕಾಗುತ್ತದೆ.

1993ರಲ್ಲಿ ವಿಶ್ವ ಚಾಂಪಿಯನ್ ಪಟ್ಟ ಎರಡಾಗಿ ಒಡೆದಿತ್ತು. ಗ್ಯಾರಿ ಕ್ಯಾಸ್ಪರೋವ್ ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯಿಂದ ಹೊರನಡೆದ ಮೇಲೆ ಒಂದು ಪಟ್ಟ ಫಿಡೆಯ ಬಳಿ, ಇನ್ನೊಂದು ಕ್ಯಾಸ್ಪರೋವ್ ಬಳಿ ಉಳಿಯಿತು. 2000ದಲ್ಲಿ ಲಂಡನ್ನಿನಲ್ಲಿ ಕ್ರಾಮ್ನಿಕ್ ಅದೇ ಕ್ಯಾಸ್ಪರೋವ್‌ರನ್ನು ಒಂದೂ ಆಟ ಸೋಲದೆ ಮಣಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆನಂದ್ ಟೆಹರಾನ್‌ನಲ್ಲಿ ಫಿಡೆಯ ಪಟ್ಟ ಗೆದ್ದರು. ಅದು ನಾಕೌಟ್ ಪಂದ್ಯಾವಳಿ. ಸೋತವನು ಮನೆಗೆ ಹೋಗುವ ಪದ್ಧತಿ. ‘ಕ್ಯಾಸ್ಪರೋವ್ ಇಲ್ಲದ ಪಟ್ಟ ಎಂಥ ಪಟ್ಟ?’ ಎಂದು ಮೂಗು ಮುರಿದವರೇ ಹೆಚ್ಚು. 2006ರಲ್ಲಿ ಎಲಿಸ್ತಾದಲ್ಲಿ ಕ್ರಾಮ್ನಿಕ್ ಬಲ್ಗೇರಿಯದ ಟೋಪಲೋವ್‌ರನ್ನು ಸೋಲಿಸಿದಾಗ ಎರಡು ಪಟ್ಟಗಳು ಮತ್ತೆ ಒಂದಾದವು. ಮರುವರ್ಷ ಮೆಕ್ಸಿಕೊ ನಗರದಲ್ಲಿ ಎಂಟು ಆಟಗಾರರ ಪಂದ್ಯಾವಳಿಯಲ್ಲಿ ಆನಂದ್ ಮೊದಲಿಗರಾಗಿ ಆ ಒಂದಾದ ಪಟ್ಟವನ್ನು ಪಡೆದರು.

ಆದರೂ ಕೊಂಕು ನಿಲ್ಲಲಿಲ್ಲ. ಚೆಸ್ ಲೋಕದಲ್ಲಿ ಒಂದು ಹಳೆಯ ನಂಬಿಕೆ ಇದೆ: ಚಾಂಪಿಯನ್ನನ ಎದುರು ಕುಳಿತು, ಅವನೊಬ್ಬನನ್ನೇ ಸೋಲಿಸಿ ಪಡೆದದ್ದೇ ನಿಜವಾದ ಪಟ್ಟ. ಸ್ಟೈನಿಟ್ಜ್ ಕಾಲದಿಂದ ಬಂದ ಪರಂಪರೆ ಅದು. ಕ್ರಾಮ್ನಿಕ್ ಸ್ವತಃ ತಾನು ಆನಂದ್‌ಗೆ ಪಟ್ಟವನ್ನು ತಾತ್ಕಾಲಿಕವಾಗಿ ಕಡ ಕೊಟ್ಟಿದ್ದೇನೆ ಎಂಬರ್ಥದ ಮಾತನಾಡಿದ್ದು ವರದಿಯಾಗಿತ್ತು. ಬಾನ್ ಪಂದ್ಯಕ್ಕೆ ಕೆಲವೇ ವಾರಗಳ ಮುಂಚೆ ಸ್ಪೇನಿನ ಬಿಲ್ಬಾವೊದಲ್ಲಿ ನಡೆದ ಪಂದ್ಯಾವಳಿಯಲ್ಲಿ ಆನಂದ್ ಕೊನೆಯ ಸ್ಥಾನಕ್ಕೆ ಇಳಿದಿದ್ದರು. ಆಗ ಅವರಿಗೆ 38 ವರ್ಷ. ಕ್ರಾಮ್ನಿಕ್‌ಗಿಂತ ಸುಮಾರು ಆರು ವರ್ಷ ಹಿರಿಯರು. ಕ್ರಾಮ್ನಿಕ್ ಎಂದರೆ ಬಂಡೆ. ಗೆಲ್ಲುವುದಕ್ಕಿಂತಲೂ ಸೋಲದಿರುವುದರಲ್ಲಿ ಅವರಿಗೆ ಸಾಟಿಯಿಲ್ಲ ಎಂಬ ಮಾತಿತ್ತು. ಬಾನ್‌ನಲ್ಲಿ ಸೋತಿದ್ದರೆ ಆನಂದ್ ಚರಿತ್ರೆಯಲ್ಲಿ ಉಳಿಯುತ್ತಿದ್ದುದು ಕಡ ಪಡೆದ ಕಿರೀಟವನ್ನು ಒಂದು ವರ್ಷ ತಲೆಯ ಮೇಲಿಟ್ಟುಕೊಂಡವರಾಗಿ.

ಪಂದ್ಯ ಹನ್ನೆರಡು ಆಟಗಳದ್ದು. ಬಾನ್‌ನ ರಾಷ್ಟ್ರೀಯ ಕಲಾ ಭವನದಲ್ಲಿ ಅಕ್ಟೋಬರ್ 14ರಂದು ಆರಂಭವಾಯಿತು. ಮೊದಲೆರಡು ಆಟ ಡ್ರಾ. ಎರಡನೆಯ ಆಟದಲ್ಲಿಯೇ ಆನಂದ್ ಒಂದು ಸಣ್ಣ ಆಶ್ಚರ್ಯ ತಂದಿದ್ದರು. ಜೀವಮಾನವಿಡೀ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ ಆಟ ಆರಂಭಿಸುತ್ತಿದ್ದವರು ಈ ಬಾರಿ ಮಂತ್ರಿಯ ಮುಂದಿನ ಕಾಲಾಳನ್ನು ಮುಂದೂಡಿದರು. ಕ್ರಾಮ್ನಿಕ್ ತಿಂಗಳುಗಟ್ಟಲೆ ಮಾಡಿಕೊಂಡಿದ್ದ ಸಿದ್ಧತೆಯ ದೊಡ್ಡ ಭಾಗ ಒಂದೇ ನಡೆಗೆ ಬೆಲೆ ಕಳೆದುಕೊಂಡಿತು. ನಿಜವಾದ ಬಾಂಬು ಮಾತ್ರ ಮೂರನೆಯ ಆಟಕ್ಕೆ ಮೀಸಲಾಗಿತ್ತು.

ಇಲ್ಲಿ ಸ್ವಲ್ಪ ನಿಂತು ‘ಆರಂಭ’ ಎಂಬ ವಿಷಯವನ್ನು ನೋಡಬೇಕು. ಚೆಸ್ ಆಟದ ಮೊದಲ ಹತ್ತು ಹದಿನೈದು ನಡೆಗಳಿಗೆ ಹೆಸರುಗಳಿವೆ, ವಂಶಾವಳಿಗಳಿವೆ, ಗ್ರಂಥಗಳಿವೆ. ಕೆಲವು ಆರಂಭಗಳು ಸಂಸಾರಸ್ಥರಂತೆ: ಕಾಯಿಗಳು ಒಂದೊಂದಾಗಿ ಹೊರಬಂದು, ರಾಜ ಮೂಲೆಯ ಕೋಟೆ ಸೇರಿ, ನಂತರ ನಿಧಾನವಾಗಿ ವ್ಯವಹಾರ. ಇನ್ನು ಕೆಲವು ಕತ್ತಿಯ ಅಲಗಿನಂಥವು. ಎಂಟು ಹತ್ತು ನಡೆ ಮುಗಿಯುವಷ್ಟರಲ್ಲಿ ಕಾಯಿಗಳು ಎದುರುಬದುರಾಗಿ ಹೊಡೆದಾಡುತ್ತಿರುತ್ತವೆ, ರಾಜ ಇನ್ನೂ ನಡುಬೀದಿಯಲ್ಲಿರುತ್ತಾನೆ. ಒಂದು ನಡೆ ತಪ್ಪಿದರೆ ತಿದ್ದಿಕೊಳ್ಳಲು ಎರಡನೆಯ ಅವಕಾಶ ಇರುವುದಿಲ್ಲ. ಇಂಥ ಆರಂಭಗಳಲ್ಲಿ ಯಾರು ಮನೆಯಲ್ಲಿ ಹೆಚ್ಚು ಓದಿಕೊಂಡು ಬಂದಿದ್ದಾರೋ ಅವರದೇ ಮೇಲುಗೈ.

ಆನಂದ್ ಆರಿಸಿಕೊಂಡದ್ದು ಎರಡನೆಯ ಬಗೆಯದು. ಅದರ ಹೆಸರು ಮೆರಾನ್ ಕ್ರಮ. ಆಲ್ಪ್ಸ್ ಪರ್ವತದ ಮಗ್ಗುಲಲ್ಲಿರುವ, ಈಗ ಇಟಲಿಗೆ ಸೇರಿದ ಮೆರಾನೊ ಎಂಬ ಊರಿನಲ್ಲಿ 1924ರಲ್ಲಿ ನಡೆದ ಪಂದ್ಯಾವಳಿಯಿಂದ ಈ ಹೆಸರು ಬಂತು. ಅಲ್ಲಿ ಪೋಲೆಂಡಿನ ಅಕಿಬಾ ರೂಬಿನ್‌ಸ್ಟೈನ್ ಕಪ್ಪು ಕಾಯಿ ಹಿಡಿದು ಅರ್ನ್‌ಸ್ಟ್ ಗ್ರುನ್‌ಫೆಲ್ಡ್ ವಿರುದ್ಧ ಇದನ್ನು ಯಶಸ್ವಿಯಾಗಿ ಪ್ರಯೋಗಿಸಿದ್ದರು. ಇದರ ತಿರುಳು ಇಷ್ಟು: ಕಪ್ಪು ನಡುವಿನ ಹಿಡಿತವನ್ನು ಮೊದಲು ಬಿಟ್ಟುಕೊಡುತ್ತದೆ. ಬಿಳಿಯ ಒಂಟೆ ಕಾಲಾಳೊಂದನ್ನು ಹೊಡೆಯಲು ಹೊರಬಂದಾಗ ಕಪ್ಪು ತನ್ನ ಮಂತ್ರಿಯ ಬದಿಯ ಕಾಲಾಳುಗಳನ್ನು ಮುನ್ನುಗ್ಗಿಸಿ ಆ ಒಂಟೆಯನ್ನು ಓಡಿಸುತ್ತದೆ. ಆಮೇಲೆ ಬಿಟ್ಟುಕೊಟ್ಟ ನಡುವಿನ ಮೇಲೆ ಹಠಾತ್ತನೆ ಏರಿಹೋಗುತ್ತದೆ. (ಪಾಶ್ಚಾತ್ಯರು ಪಾದ್ರಿ ಎನ್ನುವ ಕಾಯಿಯನ್ನು ನಾವು ಒಂಟೆ ಎನ್ನುತ್ತೇವೆ, ಅವರ ರಾಣಿ ನಮ್ಮಲ್ಲಿ ಮಂತ್ರಿ. ಹೆಸರು ಯಾವುದಾದರೂ ನಡಿಗೆ ಒಂದೇ.) ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಈ ಕುಟುಂಬದ ಆರಂಭಗಳು ಕ್ರಾಮ್ನಿಕ್‌ರ ಸ್ವಂತ ಮನೆಯಂತೆ. ತರುಣ ವಯಸ್ಸಿನಲ್ಲಿ ಅವರು ಕಪ್ಪು ಕಾಯಿ ಹಿಡಿದು ಇವನ್ನು ಆಡಿಯೇ ಹೆಸರು ಮಾಡಿದ್ದರು. ಹುಲಿಯನ್ನು ಅದರ ಗವಿಯಲ್ಲೇ ಎದುರಿಸಲು ಆನಂದ್ ತೀರ್ಮಾನಿಸಿದ್ದರು.

ಹತ್ತನೆಯ ನಡೆಯ ಹೊತ್ತಿಗೆ ಬಿಳಿಯ ಕಾಲಾಳೊಂದು ಕಪ್ಪು ಕುದುರೆಯ ಮೇಲೆ ಏರಿಬಂದಿತ್ತು. ಕಪ್ಪು ಕುದುರೆಯನ್ನು ಸರಿಸದೆ ನಡುವಿನ ಕಾಲಾಳನ್ನು ಹೊಡೆಯಿತು. ಬಿಳಿ ತನ್ನ ಕುದುರೆಯನ್ನೇ ಕೊಟ್ಟು ಇನ್ನೊಂದು ಕಾಲಾಳನ್ನು ಹೊಡೆದು, ಆಮೇಲೆ ಕಪ್ಪು ಕುದುರೆಯನ್ನು ತೆಗೆದುಕೊಂಡಿತು. ಈ ಕೊಡು-ಕೊಳ್ಳುವಿಕೆ ಹಳೆಯ ಪುಸ್ತಕಗಳಲ್ಲಿ ಇರುವುದೇ. ಎಲ್ಲ ಮುಗಿದಾಗ ಕಪ್ಪು ರಾಜನ ಬದಿಯ ಕಾಲಾಳುಗಳ ಸಾಲು ಮುರಿದಿತ್ತು. ರಾಜ ಕೋಟೆ ಸೇರಿಲ್ಲ, ಇನ್ನು ಸೇರುವ ಹಾಗೂ ಇಲ್ಲ. ಆದರೆ ಮುರಿದ ಬೇಲಿಯ ಸಂದು ಕಪ್ಪು ಆನೆಗೆ ದಾರಿಯಾಯಿತು. ಬಿಳಿ ರಾಜ ಕೋಟೆ ಸೇರಿದ್ದು ನೇರವಾಗಿ ಆ ದಾರಿಯ ಎದುರಿಗೇ.

ಹದಿನಾಲ್ಕನೆಯ ನಡೆಯಲ್ಲಿ ಆನಂದ್ ತಮ್ಮ ಒಂಟೆಯನ್ನು ಬಿ7 ಮನೆಗೆ ತಂದರು. ದೊಡ್ಡ ಆಟಗಾರರ ನಡುವೆ ಅದುವರೆಗೆ ಚಾಲ್ತಿಯಲ್ಲಿ ಇಲ್ಲದಿದ್ದ ನಡೆ ಅದು. ಮೇಲುನೋಟಕ್ಕೆ ಇದು ಮರೆವಿನಂತೆ ಕಾಣುತ್ತದೆ, ಏಕೆಂದರೆ ಪಕ್ಕದ ಕಾಲಾಳು ಬಿಳಿ ಒಂಟೆಯ ಬಾಯಿಗೆ ಬೀಳುತ್ತದೆ, ಬಿದ್ದದ್ದೂ ಹಾಗೆಯೇ. ಆ ಕಾಲಾಳು ಹೋದರೆ ಬಿಳಿಯ ಅಂಚಿನ ಎರಡು ಕಾಲಾಳುಗಳಿಗೆ ಮುಂದೆ ತಡೆಯುವವರೇ ಇರುವುದಿಲ್ಲ, ಕೊನೆಯ ಸಾಲು ಮುಟ್ಟಿ ಮಂತ್ರಿಯಾಗುವವರೆಗೂ ಹೆದ್ದಾರಿ. ಇದಕ್ಕೆ ಪ್ರತಿಯಾಗಿ ಕಪ್ಪಿಗೆ ಸಿಕ್ಕಿದ್ದು ಉದ್ದ ಕರ್ಣದ ತುದಿಯಲ್ಲಿ ಬಿಳಿ ರಾಜನ ಕಡೆಗೇ ಕಣ್ಣಿಟ್ಟು ಕುಳಿತ ಒಂಟೆ, ಜಿ ಸಾಲಿಗೆ ಬರಲಿರುವ ಆನೆ, ಮತ್ತು ಸಮಯ. ಒಂದು ಕಡೆ ಲೇವಾದೇವಿಯ ಲಾಭ, ಇನ್ನೊಂದು ಕಡೆ ಆಕ್ರಮಣದ ಭರವಸೆ: ಹರಿತವಾದ ಆರಂಭ ಎನ್ನುವುದು ಇದನ್ನೇ.

ಈ ಒಂದು ನಡೆಯ ಹಿಂದೆ ಬೆವರು ಬಹಳಷ್ಟಿತ್ತು. ಕೋಲ್ಕತ್ತದ ಸೂರ್ಯಶೇಖರ ಗಂಗೂಲಿ, ಡೆನ್ಮಾರ್ಕಿನ ಪೀಟರ್ ಹೈನೆ ನೀಲ್ಸನ್, ಉಜ್ಬೇಕಿಸ್ತಾನದ ರುಸ್ತಮ್ ಕಾಸಿಮ್‌ಜಾನೋವ್, ಪೋಲೆಂಡಿನ ರಾದೋಸ್ಲಾವ್ ವೊಯ್ತಾಷೆಕ್ ಆನಂದ್‌ಗೆ ಸಹಾಯಕರಾಗಿದ್ದರು. ಕಂಪ್ಯೂಟರ್ ಹೇಳಿದ್ದನ್ನು ಉರು ಹೊಡೆಯುವುದಷ್ಟೇ ಇವರ ಕೆಲಸ ಎಂದು ಭಾವಿಸುವವರಿದ್ದಾರೆ, ಅದು ಸರಿಯಲ್ಲ. ಆಗಿನ ಯಂತ್ರಗಳು ಕಾಲಾಳುಗಳ ಲೆಕ್ಕದಲ್ಲಿ ಚುರುಕಾಗಿದ್ದವೇ ಹೊರತು, ಕಾಲಾಳು ಕೊಟ್ಟು ದಾಳಿ ಕೊಂಡುಕೊಳ್ಳುವ ವ್ಯವಹಾರದಲ್ಲಿ ಅವುಗಳ ಮಾತನ್ನು ಪೂರ್ತಿ ನಂಬುವಂತಿರಲಿಲ್ಲ. ಯಾವ ಸ್ಥಿತಿಯಲ್ಲಿ ಎದುರಾಳಿ ಮನುಷ್ಯನಿಗೆ ಉಸಿರುಗಟ್ಟುತ್ತದೆ ಎಂದು ಊಹಿಸುವುದು ಮನುಷ್ಯನದೇ ಕೆಲಸ. ಪಟದ ಮುಂದೆ ಕುಳಿತ ಕ್ರಾಮ್ನಿಕ್‌ಗೆ ಈಗ ಪ್ರತಿ ನಡೆಯನ್ನೂ ಅಲ್ಲಿಯೇ ಹುಡುಕಬೇಕಾಯಿತು. ಮೊದಲ 40 ನಡೆಗೆ ಪ್ರತಿಯೊಬ್ಬರಿಗೂ ಎರಡು ಗಂಟೆ. ಗಡಿಯಾರದ ಮುಳ್ಳೂ ಒಬ್ಬ ಎದುರಾಳಿಯೇ.

ಆನೆ ಜಿ ಸಾಲಿಗೆ ಬಂತು. ಬಿಳಿ ರಾಜನ ಮುಂದಿನ ಕಾಲಾಳು ಒಂದು ಮನೆ ಮುಂದೆ ಸರಿದು ಬಾಗಿಲು ಹಾಕಿಕೊಂಡಿತು. ಕಪ್ಪು ಆನೆ ಇನ್ನೂ ಮುಂದೆ ನುಗ್ಗಿ ಪಟದ ನಡುವೆ ನಿಂತಿತು. ಆಗ ಕ್ರಾಮ್ನಿಕ್ ತಮ್ಮ ಒಂಟೆಯನ್ನು ಹೊಡೆತಕ್ಕೆ ಒಡ್ಡಿದರು, ಆನಂದ್ ಹೊಡೆದರು. ಬಿಳಿ ಕುದುರೆ ನಡುವಿನ ಕಾಲಾಳನ್ನು ತೆಗೆದುಕೊಂಡದ್ದೇ ತಡ, ಅದರ ಹಿಂದಿದ್ದ ಮಂತ್ರಿಗೆ ಕಪ್ಪು ಆನೆ ನೇರವಾಗಿ ಕಾಣಿಸಿತು. ಸಾಮಾನ್ಯ ಆಟಗಾರ ಇಂಥ ಹೊತ್ತಿನಲ್ಲಿ ಆನೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಆನಂದ್ ಹತ್ತೊಂಬತ್ತನೆಯ ನಡೆಯಲ್ಲಿ ಮೂಲೆಯ ಕಾಲಾಳನ್ನು ಎರಡು ಮನೆ ನಡೆಸಿ ಆನೆಗೆ ಬೆಂಬಲ ಕೊಟ್ಟು, ತಮ್ಮ ಒಂಟೆಯನ್ನು ಹಾಗೆಯೇ ಹೊಡೆತದಲ್ಲಿ ಬಿಟ್ಟರು. ಈ ಇಡೀ ಆಟದಲ್ಲಿ ಕಣ್ಣು ಕುಕ್ಕದ, ಆದರೆ ಎಲ್ಲಕ್ಕಿಂತ ಗಟ್ಟಿಯಾದ ನಡೆ ಇದೇ ಎನ್ನಬಹುದು.

ಮುಂದಿನ ಐದು ನಡೆಗಳಲ್ಲಿ ಪಟದ ಮೇಲೆ ಸಂತೆ ಮುಗಿದಂತಾಯಿತು. ಕುದುರೆಗಳು ಹೋದವು, ಒಂದೊಂದು ಆನೆ ಹೋಯಿತು. ದೂಳು ಅಡಗಿದಾಗ ಎರಡೂ ಕಡೆ ಉಳಿದದ್ದು ಮಂತ್ರಿ, ಒಂದು ಆನೆ, ಒಂದು ಒಂಟೆ. ಕಾಲಾಳುಗಳು ಮಾತ್ರ ಬಿಳಿಗೆ ಐದು, ಕಪ್ಪಿಗೆ ಮೂರು. ಎರಡು ಕಾಲಾಳು ಹೆಚ್ಚು ಎಂದರೆ ಈ ಮಟ್ಟದಲ್ಲಿ ಗೆದ್ದಂತೆಯೇ ಸರಿ, ಮಿಕ್ಕೆಲ್ಲ ಸಮನಾಗಿದ್ದರೆ. ಇಲ್ಲಿ ಮಿಕ್ಕದ್ದು ಸಮನಾಗಿರಲಿಲ್ಲ. ಬಿಳಿ ರಾಜನ ಮುಂದಿನ ಬಾಗಿಲು ಕಿತ್ತುಹೋಗಿತ್ತು. ಕಪ್ಪು ರಾಜ? ಅವನು ಒಮ್ಮೆಯೂ ಕೋಟೆ ಸೇರದೆ, ಒಂದೊಂದೇ ಹೆಜ್ಜೆ ನಡೆದು ಎಚ್6 ಮನೆಗೆ, ಪಟದ ಅಂಚಿಗೆ ಬಂದು ನಿಂತಿದ್ದ. ಪುಸ್ತಕದ ಪ್ರಕಾರ ಅದು ರಾಜ ನಿಲ್ಲುವ ಜಾಗವಲ್ಲ. ಆದರೆ ಅಲ್ಲಿ ಅವನನ್ನು ಮುಟ್ಟುವವರು ಯಾರೂ ಇರಲಿಲ್ಲ, ಮತ್ತು ಅವನು ಬಿಟ್ಟುಕೊಟ್ಟ ಸಾಲಿನಲ್ಲಿ ಅವನ ಆನೆ ಬಂದು ಕುಳಿತಿತು.

27ನೇ ನಡೆಯಲ್ಲಿ ಕಪ್ಪು ಒಂಟೆ ಚೆಕ್ ಕೊಟ್ಟು ಮರುನಡೆಯಲ್ಲಿ ಪಕ್ಕಕ್ಕೆ ಸರಿಯಿತು. ಕ್ರಾಮ್ನಿಕ್ ಆನೆಯನ್ನು ಮೊದಲ ಸಾಲಿನಿಂದ ಎತ್ತಿ ಮೇಲಿಟ್ಟರು. ತೆರವಾದ ಆ ಸಾಲಿಗೆ ಕಪ್ಪು ಆನೆ ಚೆಕ್ ಕೊಡುತ್ತಲೇ ಇಳಿಯಿತು. ಬಿಳಿ ರಾಜ ಓಡತೊಡಗಿದ. ಇಬ್ಬರಿಗೂ ಸಮಯ ತೀರುತ್ತಾ ಬಂದಿತ್ತು. 33ನೇ ನಡೆಯಲ್ಲಿ ಆನಂದ್‌ಗೆ ಇನ್ನೂ ಚುಟುಕಾದ ಗೆಲುವಿನ ದಾರಿ ಇತ್ತು ಎಂದು ಆಮೇಲೆ ವಿಶ್ಲೇಷಕರು ತೋರಿಸಿದರು. ಒಂಟೆಗೆ ಒಂಟೆ ವಿನಿಮಯ ಮಾಡಿಕೊಂಡಿದ್ದರೆ ಸಾಕಿತ್ತು. ಅವರು ಒಂಟೆಯನ್ನು ಹಿಂದಕ್ಕೆ ತಂದರು. ಆದರೂ ಹಿಡಿತ ಸಡಿಲಲಿಲ್ಲ. ಮರುನಡೆಯಲ್ಲಿ ಕಪ್ಪು ಆನೆ ಎರಡನೆಯ ಸಾಲಿಗೆ ಬಂದು ಬಿಳಿ ಮಂತ್ರಿಯನ್ನೂ ಅದರ ಬೆನ್ನ ಹಿಂದಿನ ರಾಜನನ್ನೂ ಒಂದೇ ಗೆರೆಯಲ್ಲಿ ಕಟ್ಟಿಹಾಕಿತು. ಮಂತ್ರಿ ಹೋಯಿತು, ಬದಲಿಗೆ ಬಿಳಿಗೆ ಸಿಕ್ಕಿದ್ದು ಒಂದು ಆನೆ. ಸ್ವಲ್ಪದರಲ್ಲೇ ಒಂಟೆಯೂ ಹೋಯಿತು.

ಇಷ್ಟಾದರೂ ಬಿಳಿಯ ಅಂಚಿನ ಕಾಲಾಳು ಸುಮ್ಮನಿರಲಿಲ್ಲ. 34ನೇ ನಡೆಯಿಂದ ಅದು ಅವಕಾಶ ಸಿಕ್ಕಾಗಲೆಲ್ಲ ಒಂದೊಂದು ಮನೆ ಮೇಲೇರುತ್ತಾ ಏಳನೆಯ ಸಾಲು ಮುಟ್ಟಿತ್ತು. ಇನ್ನೊಂದೇ ಹೆಜ್ಜೆ, ಅದು ಮಂತ್ರಿ. ಆನಂದ್ ಅದಕ್ಕೆ ಆ ಒಂದು ನಡೆಯ ಬಿಡುವನ್ನು ಕೊಡಲಿಲ್ಲ. ಚೆಕ್, ಮತ್ತೆ ಚೆಕ್, 41ನೇ ನಡೆಯಲ್ಲಿ ಒಂಟೆಯಿಂದ ಇನ್ನೊಂದು ಚೆಕ್. ಕ್ರಾಮ್ನಿಕ್ ಕೈ ಚಾಚಿ ಸೋಲೊಪ್ಪಿದರು. ಹೆದ್ದಾರಿಯಲ್ಲಿ ಹೊರಟಿದ್ದ ಕಾಲಾಳು ಊರ ಬಾಗಿಲಲ್ಲೇ ನಿಂತುಬಿಟ್ಟಿತು.

ನಾಲ್ಕನೆಯ ಆಟ ಡ್ರಾ. ಐದನೆಯ ಆಟದಲ್ಲಿ, ಅಕ್ಟೋಬರ್ 20ರಂದು, ಕ್ರಾಮ್ನಿಕ್ ಬೇರೆ ದಾರಿ ಹಿಡಿಯಬಹುದೆಂದು ನೋಡುಗರು ನಿರೀಕ್ಷಿಸಿದ್ದರು. ಅವರು ಅದೇ ದಾರಿಯಲ್ಲಿ ಬಂದರು. ಒಬ್ಬ ಹೆಮ್ಮೆಯ ಆಟಗಾರನ ಸ್ವಭಾವ ಇಲ್ಲಿ ಕಾಣುತ್ತದೆ. ಸೋತ ದಾರಿಯಲ್ಲೇ ಮತ್ತೆ ಬಂದು ‘ನಿನ್ನ ನಡೆ ತಪ್ಪು’ ಎಂದು ಸಾಧಿಸುವ ಹಟ. ಅದರ ಜೊತೆಗೆ ಒಂದು ವಿರಾಮ ದಿನದಲ್ಲಿ ಉತ್ತರ ಕಂಡುಕೊಂಡಿದ್ದೇವೆಂಬ ನಂಬಿಕೆಯೂ ಇದ್ದಿರಬೇಕು. ಆದರೆ ಹದಿನೈದನೆಯ ನಡೆಯಲ್ಲಿ ದಾರಿ ಬದಲಿಸಿದವರು ಆನಂದ್. ಮೂರನೆಯ ಆಟದಲ್ಲಿ ಅಲ್ಲಿ ಒಂಟೆಯನ್ನು ನಡೆಸಿದ್ದವರು ಈಗ ಮೊದಲು ಆನೆಯನ್ನು ನಡೆಸಿದರು. ಎದುರಾಳಿ ಎರಡು ರಾತ್ರಿ ಕುಳಿತು ಓದಿದ್ದ ಪಾಠ ಪರೀಕ್ಷೆಗೆ ಬರಲೇ ಇಲ್ಲ.

ಆ ಆಟದ ಮುಕ್ತಾಯ ಚೆಸ್ ಪಠ್ಯಗಳಿಗೆ ಸೇರುವಂಥದು. 29ನೇ ನಡೆಯಲ್ಲಿ ಕ್ರಾಮ್ನಿಕ್ ಕುದುರೆಯಿಂದ ನಡುವಿನ ಕಾಲಾಳನ್ನು ಹೊಡೆದರು. ಆನಂದ್‌ರ ಮಂತ್ರಿ ಕುದುರೆಯನ್ನು ಹೊಡೆಯಿತು, ಬಿಳಿ ಆನೆ ಮಂತ್ರಿಯ ಮೇಲೆ ಬಂತು, ಕಪ್ಪು ಕುದುರೆ ಬಿಳಿ ಮಂತ್ರಿಯ ಮೇಲೆ ಹಾರಿತು. ಮಂತ್ರಿಗೆ ಮಂತ್ರಿ. ನಂತರ ಬಿಳಿ ಆನೆ ಚೆಕ್ ಕೊಟ್ಟು ಕಪ್ಪು ಒಂಟೆಯನ್ನೂ ತೆಗೆದುಕೊಂಡಿತು. ಕ್ರಾಮ್ನಿಕ್‌ರ ಲೆಕ್ಕ ಇಲ್ಲಿಯವರೆಗೆ ಸರಿಯಾಗಿಯೇ ಇತ್ತು. ಇನ್ನೊಂದು ಮಾರು ಮುಂದೆ ನೋಡಬೇಕಿತ್ತು, ಅಷ್ಟೆ. ಕಪ್ಪು ಆನೆ ಮೊದಲ ಸಾಲಿನಲ್ಲಿ ಚೆಕ್ ಕೊಟ್ಟಿತು. ಬಿಳಿ ಒಂಟೆ ಅಡ್ಡ ಬಂತು. 34ನೇ ನಡೆ: ಕಪ್ಪು ಕುದುರೆ ಇ3 ಮನೆಗೆ, ನೇರವಾಗಿ ಬಿಳಿ ಕಾಲಾಳಿನ ಬಾಯಿಗೆ. ಕಾಲಾಳು ಹೊಡೆಯಿತು, ಕಪ್ಪು ಕಾಲಾಳು ಮರಳಿ ಹೊಡೆಯಿತು. ಮಂತ್ರಿಯಾಗಲು ಆ ಕಾಲಾಳಿಗೆ ಇನ್ನೆರಡೇ ಮನೆ. ಬಿಳಿ ಒಂಟೆ ಆನೆಯ ಗೆರೆಯಲ್ಲಿ ಸಿಕ್ಕಿಕೊಂಡಿದೆ, ಬಿಳಿ ಆನೆ ದೂರದಲ್ಲಿದೆ. ತಡೆಯುವವರಿಲ್ಲ. 35ನೇ ನಡೆಗೆ ಕ್ರಾಮ್ನಿಕ್ ಸೋಲೊಪ್ಪಿದರು. ಮೊದಲ ಆಟದಲ್ಲಿ ಬಿಳಿಯ ಕಾಲಾಳು ಮುಟ್ಟಲಾಗದ ಮನೆಯನ್ನು ಎರಡನೆಯದರಲ್ಲಿ ಕಪ್ಪು ಕಾಲಾಳು ಮುಟ್ಟದೆಯೇ ಗೆಲ್ಲಿಸಿತು.

ಮರುದಿನ ಆರನೆಯ ಆಟವನ್ನೂ ಆನಂದ್ ಗೆದ್ದರು, ಈ ಸಲ ಬಿಳಿ ಕಾಯಿಯಲ್ಲಿ. ಅಲ್ಲಿಗೆ 4.5–1.5. ಹತ್ತನೆಯ ಆಟವನ್ನು ಕ್ರಾಮ್ನಿಕ್ ಗೆದ್ದು ಪಂದ್ಯಕ್ಕೆ ಸ್ವಲ್ಪ ಜೀವ ತುಂಬಿದರು. ಅಕ್ಟೋಬರ್ 29ರಂದು ಹನ್ನೊಂದನೆಯ ಆಟ ಡ್ರಾ ಆದಾಗ ಆನಂದ್ 6.5–4.5ರಿಂದ ಪಂದ್ಯ ಗೆದ್ದಿದ್ದರು, ಹನ್ನೆರಡನೆಯದನ್ನು ಆಡಬೇಕಾಗಲಿಲ್ಲ. ನಾಕೌಟ್, ಪಂದ್ಯಾವಳಿ, ಮುಖಾಮುಖಿ ಪಂದ್ಯ ಈ ಮೂರೂ ಬಗೆಯಲ್ಲಿ ವಿಶ್ವ ಪಟ್ಟ ಗೆದ್ದ ಮೊದಲಿಗರು ಅವರು. ಕಡದ ಮಾತು ಅಲ್ಲಿಗೆ ನಿಂತಿತು. ಕ್ರಾಮ್ನಿಕ್‌ರ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು: 2010ರಲ್ಲಿ ಸೋಫಿಯಾದಲ್ಲಿ ಟೋಪಲೋವ್ ವಿರುದ್ಧ ಪಟ್ಟ ಉಳಿಸಿಕೊಳ್ಳುವ ಪಂದ್ಯಕ್ಕೆ ಆನಂದ್ ಸಿದ್ಧತೆ ನಡೆಸುವಾಗ ನೆರವಾದವರಲ್ಲಿ ಇದೇ ಕ್ರಾಮ್ನಿಕ್ ಒಬ್ಬರು. ಆನಂದ್ ಅದನ್ನು ಪಂದ್ಯದ ನಂತರ ಬಹಿರಂಗಪಡಿಸಿದರು.

ಮೆರಾನ್ ಕ್ರಮದ ಋಣ ಆನಂದ್ ಮಟ್ಟಿಗೆ ಬಾನ್‌ನಲ್ಲಿ ಮುಗಿಯಲಿಲ್ಲ. 2012ರಲ್ಲಿ ಮಾಸ್ಕೊದಲ್ಲಿ ಬೋರಿಸ್ ಗೆಲ್ಫಾಂಡ್ ವಿರುದ್ಧದ ಪಂದ್ಯಕ್ಕಾಗಿ ಅವರು ಅದೇ ಕುಟುಂಬದ ಇನ್ನೊಂದು ಕವಲಿನಲ್ಲಿ ಒಂದು ಹೊಸ ವಿಚಾರವನ್ನು ಸಿದ್ಧಪಡಿಸಿಟ್ಟುಕೊಂಡಿದ್ದರು. ಅದನ್ನು ಬಳಸುವ ಸಂದರ್ಭ ಅಲ್ಲಿ ಬರಲಿಲ್ಲ. ಬಂದದ್ದು 2013ರ ಜನವರಿಯಲ್ಲಿ, ನೆದರ್ಲೆಂಡ್ಸ್‌ನ ಸಮುದ್ರ ತೀರದ ವೈಕ್ ಆನ್ ಜೀ ಎಂಬ ಊರಿನಲ್ಲಿ, ಅರ್ಮೇನಿಯದ ಲೆವೊನ್ ಅರೋನಿಯನ್ ವಿರುದ್ಧ. ಮತ್ತೆ ಕಪ್ಪು ಕಾಯಿ. ಕುದುರೆಗಳನ್ನೂ ಒಂಟೆಗಳನ್ನೂ ಹೊಡೆತಕ್ಕೆ ಒಡ್ಡುತ್ತಾ, ಆನೆಯನ್ನೂ ಬಿಟ್ಟುಕೊಟ್ಟು, 23 ನಡೆಗಳಲ್ಲಿ ಆಟ ಮುಗಿಯಿತು. ಎರಡು ಒಂಟೆಗಳು ಅಕ್ಕಪಕ್ಕದ ಕರ್ಣಗಳಲ್ಲಿ ಬಿಳಿ ರಾಜನತ್ತ ಗುರಿಯಿಟ್ಟ ಆ ಸ್ಥಿತಿಯನ್ನು ಕಂಡ ಹಳಬರಿಗೆ ಕೂಡಲೇ ನೆನಪಾದದ್ದು 1907ರಲ್ಲಿ ಲೋಜ್ ನಗರದಲ್ಲಿ ರೋಟ್ಲೆವಿ ಎಂಬ ಆಟಗಾರನ ವಿರುದ್ಧ ಕಪ್ಪು ಕಾಯಿಯಲ್ಲಿ ಗೆದ್ದ ಒಂದು ಆಟ. ಆ ಆಟ ಆಡಿದವರು ಅಕಿಬಾ ರೂಬಿನ್‌ಸ್ಟೈನ್. ಹದಿನೇಳು ವರ್ಷಗಳ ನಂತರ ಮೆರಾನೊದಲ್ಲಿ ಈ ಆರಂಭಕ್ಕೆ ಹೆಸರು ತಂದುಕೊಟ್ಟ ಅದೇ ರೂಬಿನ್‌ಸ್ಟೈನ್.